ಜೀಮನ್ ಡೀಸೆಲರೇಟರ್: ಇತಿಹಾಸ

ನಳಿಕೆಯಿಂದ ಶಬ್ದಾತೀತ ವೇಗದಲ್ಲಿ ಚಿಮ್ಮುವ ಅಣುಗಳ ದೂಲವನ್ನು ಕಾಂತಕ್ಷೇತ್ರದ ಬಲದಿಂದಲೇ ನಿಧಾನಗೊಳಿಸುವ ಸಾಧನ. ಆಕ್ಸಿಜನ್‌ನಂತೆ ಕಾಂತಗುಣವುಳ್ಳ ಕಣಗಳಿಗಷ್ಟೇ ಇದು ಉಪಯುಕ್ತ.

ಸ್ಟರ್ನ್ ಮತ್ತು ಗೆರ್ಲಾಕ್ 1922ರಲ್ಲಿ ಬೆಳ್ಳಿಯ ಪರಮಾಣುಗಳ ದೂಲವನ್ನು ಕಾಂತಕ್ಷೇತ್ರದಿಂದ ಸೀಳಿದರು. 1951ರಲ್ಲಿ ಫ್ರೀಡ್‌ಬರ್ಗ್ ಮತ್ತು ಪಾಲ್ ಆರು ಧ್ರುವಗಳ ಕಾಂತದಿಂದ ಅಂಥ ದೂಲವನ್ನು ಮಸೂರದಂತೆ ಒಂದೆಡೆ ಕೂಡಿಸಿದರು. ಮುನ್ನುಗ್ಗುವ ವೇಗ ಮಾತ್ರ ಹಾಗೆಯೇ ಉಳಿಯಿತು.

ವೇಗ ತಗ್ಗಿಸಿದ ಕಥೆಯನ್ನು 1982ರ ಫಿಲಿಪ್ಸ್–ಮೆಟ್ಕಾಫ್ ಪ್ರಯೋಗದಿಂದ ಆರಂಭಿಸುವುದುಂಟು. ಇದು ಸರಿಯಲ್ಲ. ಅಲ್ಲಿ ಸೋಡಿಯಂ ಪರಮಾಣುಗಳನ್ನು ತಡೆದದ್ದು ಲೇಸರ್ ಬೆಳಕು. ವೇಗ ಇಳಿದಂತೆಲ್ಲ ಪರಮಾಣು ಆ ಬೆಳಕನ್ನು ಹೀರುತ್ತಲೇ ಇರುವಂತೆ ನೋಡಿಕೊಳ್ಳುವುದಷ್ಟೇ ಕಾಂತಕ್ಷೇತ್ರದ ಕೆಲಸ. ಕಂಪನ, ಭ್ರಮಣಗಳ ನೂರಾರು ಸ್ಥಿತಿಗಳುಳ್ಳ ಅಣುಗಳಲ್ಲಿ ಬಹುಪಾಲು ಆ ದಾರಿಗೆ ಒಗ್ಗುವುದಿಲ್ಲ. ಜೀಮನ್ ಡೀಸೆಲರೇಟರಿನ ನಿಜವಾದ ಪೂರ್ವಜ, ನೆದರ್ಲೆಂಡ್ಸ್‌ನಲ್ಲಿ ಬೆತ್ಲೆಮ್, ಮೈಯರ್ ಮತ್ತು ಸಂಗಡಿಗರು ವಿದ್ಯುತ್ ಕ್ಷೇತ್ರದಿಂದ ಕಾರ್ಬನ್ ಮೊನಾಕ್ಸೈಡ್ ಅಣುಗಳ ವೇಗ ತಗ್ಗಿಸಿದ 1999ರ ಸಾಧನ.

ಕಾಂತೀಯ ರೂಪದ ಮೊದಲ ಯಶಸ್ಸು ಯಾರದು ಎಂಬುದಕ್ಕೆ ಉತ್ತರವನ್ನು ಎರಡಾಗಿ ಬಿಡಿಸಬೇಕು. ಪರಮಾಣುಗಳ ಮಟ್ಟಿಗೆ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಮರ್ಕ್ಟ್ ಮತ್ತು ಸಹೋದ್ಯೋಗಿಗಳು ಮೊದಲಿಗರು: 2007ರಲ್ಲಿ ಹೈಡ್ರೋಜನ್ ಪರಮಾಣುಗಳ ಮೇಲಿನ ಪ್ರಯೋಗವನ್ನು ಅವರು ಪ್ರಕಟಿಸಿದರು. ಅಣುಗಳ ಮಟ್ಟಿಗೆ ಹಿರಿಮೆ ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದ ರೈಜನ್, ನರೆವಿಷಿಯಸ್ ತಂಡದ್ದು. ಅವರು 2008ರಲ್ಲಿ 64 ಸುರುಳಿಗಳ ಸಾಲಿನಿಂದ ಆಕ್ಸಿಜನ್‌ನ ವೇಗವನ್ನು ಸೆಕೆಂಡಿಗೆ 389 ಮೀಟರಿನಿಂದ 83 ಮೀಟರಿಗೆ ಇಳಿಸಿದರು. ಎರಡರ ತತ್ತ್ವವೂ ಒಂದೇ. ಸುರುಳಿಯತ್ತ ಬರುವ ಅಣುವಿಗೆ ಹೆಚ್ಚುತ್ತಿರುವ ಕ್ಷೇತ್ರವು ಏರುದಾರಿಯಿದ್ದಂತೆ. ಹತ್ತುವಾಗ ಚಲನಶಕ್ತಿ ಕಳೆಯುತ್ತದೆ. ಇಳಿಜಾರಿನಲ್ಲಿ ಅದು ಮರಳಿ ದಕ್ಕುವ ಮೊದಲೇ ವಿದ್ಯುತ್ ಪ್ರವಾಹವನ್ನು ಕಡಿಯಬೇಕು, ಅದೂ ಮೈಕ್ರೋಸೆಕೆಂಡುಗಳಲ್ಲಿ. ಇಡೀ ತಂತ್ರದ ಜಾಣ್ಮೆ ಈ ಕ್ಷಣದ ಆಯ್ಕೆಯಲ್ಲಿದೆ.

ಈ ಸಾಧನ ಅಣುಗಳನ್ನು ತಣಿಸುತ್ತದೆ ಎಂಬ ಮಾತೂ ತಿದ್ದುಪಡಿ ಬೇಡುತ್ತದೆ. ತಂಪು ಮೊದಲೇ ಬಂದಿರುತ್ತದೆ: ಅನಿಲವು ನಳಿಕೆಯಿಂದ ನಿರ್ವಾತಕ್ಕೆ ಹಿಗ್ಗುವಾಗ ಅಣುಗಳ ಪರಸ್ಪರ ವೇಗವ್ಯತ್ಯಾಸ ಕುಗ್ಗುತ್ತದೆ. ಸುರುಳಿಗಳು ಆ ತಂಪು ಗುಂಪನ್ನು ಒಟ್ಟಾಗಿ ನಿಧಾನಗೊಳಿಸುತ್ತವೆ, ಸ್ಥಾನ ಮತ್ತು ವೇಗಗಳನ್ನು ಒಟ್ಟಿಗೆ ಲೆಕ್ಕಹಾಕಿದ ಅದರ ಸಾಂದ್ರತೆಯನ್ನು (ಫೇಸ್-ಸ್ಪೇಸ್ ಸಾಂದ್ರತೆ) ಹೆಚ್ಚಿಸಲಾರವು. ಲಿಯೋವಿಲ್ ಪ್ರಮೇಯ ವಿಧಿಸುವ ಮಿತಿ ಇದು.

ಆಮೇಲಿನ ಬೆಳವಣಿಗೆ ತ್ವರಿತ. 2017ರಲ್ಲಿ ವ್ಯಾಂಕೂವರ್‌ನ ತಂಡ ಮೀಥೈಲ್ ರ‍್ಯಾಡಿಕಲ್‌ಗಳನ್ನು ಕಾಂತಪಂಜರದಲ್ಲಿ ಹಿಡಿಯಿತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಗೆ ತೆರಳಿದ್ದ ನರೆವಿಷಿಯಸ್ ಅವರ ತಂಡ, ಅತಿವಾಹಕ ಪಂಜರದಲ್ಲಿ 1 ಕೆಲ್ವಿನ್‌ಗಿಂತ ಕೆಳಗೆ ಆಕ್ಸಿಜನ್ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು 2019ರಲ್ಲಿ ದಾಖಲಿಸಿತು.