ಒಡ್ಡಿನ ಜಾಲಿ, ದೂರದ ಸಾಗವಾನಿ



ಹೋದ ವಾರ ನಮ್ಮ ಹಳೇ ಮಾಳಿಗಿ ಮನಿ ಇಳಿಸಿದ್ವಿ. ಮ್ಯಾಲಿನ ಮಣ್ಣು ತಗದ ಮ್ಯಾಲ ತೊಲಿ, ಜಂತಿ ಒಂದೊಂದೇ ಕೆಳಗ ಬಂದವು. ಮುತ್ಯಾನ ಕಾಲದ ಬೇವಿನ ತೊಲಿಗೆ ಉಳಿ ಹಚ್ಚಿದ್ರ ಇನ್ನೂ ಟಣ್ ಅಂತೈತಿ. ಹತ್ತು ವರ್ಷದ ಹಿಂದ ಪ್ಯಾಟ್ಯಾಗ ‘ಸಾಗವಾನಿ’ ಅಂತ ರೊಕ್ಕ ಸುರುವಿ ತಂದ ಚೌಕಟ್ಟು ಮಾತ್ರ ಒಳಗೆಲ್ಲ ಹಿಟ್ಟು. ಸಾಲಿ ಕಲೀದ ಹಿರಿಯರಿಗೆ ಗೊತ್ತಿದ್ದದ್ದು ನಮಗ್ಯಾಕ ತಿಳೀಲಿಲ್ಲ?

ಇದಕ್ಕ ಉತ್ತರ ಹುಡುಕಿದ್ರ ಇತಿಹಾಸಕ್ಕ ಹೋಗಬೇಕಾಗತೈತಿ.

ನಮ್ಮ ಹೊಂಬಳದ ಸೀಮೆ ಎರಿ ಭೂಮಿ, ಮಳಿ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಕಪ್ಪತಗುಡ್ಡದಲ್ಲೂ ಕುರುಚಲು ಅಡವಿಯೇ ಹೆಚ್ಚು, ತೊಲಿ ಕೊಡುವ ದೊಡ್ಡ ಗಿಡ ಕಡಿಮೆ. ಹೀಗಾಗಿ ಹಿರಿಯರು ಕಟ್ಟಿಗೆಯನ್ನು ಒಡ್ಡಿನ ಮೇಲೆ, ಹಳ್ಳದ ದಂಡೆಯಲ್ಲೇ ಬೆಳೆದುಕೊಂಡರು. ಪೆಟ್ಟು ತಿನ್ನುವ ಕೆಲಸಕ್ಕೆ ಕರಿಜಾಲಿ: ಚಕ್ಕಡಿ ಗಾಲಿ, ರಂಟಿ, ಕುಂಟಿ ದಿಂಡು. ಮನೆಗೆ ಬೇವು: ಜಂತಿ, ತೊಲಿ, ಬಾಗಿಲು, ಕಹಿ ಇದ್ದುದರಿಂದ ಹುಳ ಬೇಗ ಮುಟ್ಟುವುದಿಲ್ಲ. ಗಾಣಕ್ಕೆ, ಕೊಡತಿಗೆ ಹುಣಸೆ. ಒಂದು ಘನ ಮೀಟರ್ ಸಾಗವಾನಿ ಸುಮಾರು 650 ಕೆ.ಜಿ. ತೂಗಿದರೆ ಜಾಲಿ 800ರ ಆಸುಪಾಸು ತೂಗುತ್ತದೆ. ಗಾಲಿಗೆ ಆ ಗಟ್ಟಿತನ ಬೇಕು. ಬಾಗಿಲಿಗೆ ಬೇಕಾದದ್ದು ಗಟ್ಟಿತನಕ್ಕಿಂತ ಸೊಟ್ಟಾಗದ ಗುಣ. ಎರಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ಗೋಡೆಯ ಜೊತೆ ಚೌಕಟ್ಟೂ ಅಲುಗುತ್ತದೆ.

ಜಾಲಿ ದಿಮ್ಮಿಯನ್ನು ಕಡಿದ ಕೂಡಲೇ ಕೊಯ್ಯುತ್ತಿರಲಿಲ್ಲ. ಕೆರಿಯಾಗ ತಿಂಗಳುಗಟ್ಟಲೆ ಮುಳುಗಿಸಿ, ಆಮೇಲೆ ನೆರಳಲ್ಲಿ ಒಣಗಿಸುತ್ತಿದ್ದರು. ಕಟ್ಟಿಗೆ ಕೊರೆಯುವ ಹುಳ ಹೊಟ್ಟೆ ತುಂಬಿಸಿಕೊಳ್ಳುವುದು ಹೊರಭಾಗದ ಪಿಷ್ಟದಿಂದ. ನೀರಲ್ಲಿ ಆ ರಸ ಹೊರಟು ಹೋದರೆ ಹುಳಕ್ಕೆ ಊಟ ಇಲ್ಲ. ಬಡಿಗೇರರಿಗೆ ಇದು ಗೊತ್ತಿತ್ತು. ಅವರಿಗೆ ಸುಗ್ಗಿಯಲ್ಲಿ ಆಯದ ಕಾಳು ಕೊಡುವ ಪದ್ಧತಿ ಇತ್ತು. ಗಾಲಿ ಮುರಿದರೆ ಮತ್ತೆ ಅವರೇ ರಿಪೇರಿ ಮಾಡಬೇಕು. ಕೆಟ್ಟ ಕಟ್ಟಿಗೆ ಹಾಕಿದರೆ ಲುಕ್ಸಾನು ಅವರದ್ದೇ!

1884ರಲ್ಲಿ ಗದಗಕ್ಕೆ ರೈಲು ಬಂತು. ಆ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿ ದಾಟಿ ಲೋಂಡಾ, ಕ್ಯಾಸಲ್‌ರಾಕ್ ಕಡೆಗೂ ಹಳಿ ಬಿತ್ತು. ಮಲೆನಾಡಿನ ಸಾಗವಾನಿ, ಮತ್ತಿ ಬಯಲುಸೀಮೆಗೆ ಬರುವ ದಾರಿ ಸಲೀಸಾಯಿತು. ಅಷ್ಟರಲ್ಲಿ 1878ರ ಅರಣ್ಯ ಕಾಯ್ದೆಯಿಂದ ಕಾಯ್ದಿಟ್ಟ ಅಡವಿಯ ಮರ ಸರಕಾರದ್ದಾಗಿತ್ತು. ರೊಕ್ಕ ಇದ್ದವರ ವಾಡೆಗೆ ಸಾಗವಾನಿ ಬಂತು, ಬಡವರ ಮನೆ ಬೇವಿನಲ್ಲೇ ಉಳಿಯಿತು. ಕಟ್ಟಿಗೆ ಅಂದ್ರ ಅಂತಸ್ತು ಅನ್ನೋ ಲೆಕ್ಕ ಆವಾಗಿಂದ ಜೋರಾತು.

ಟ್ರ್ಯಾಕ್ಟರ್ ಬಂದ ಮ್ಯಾಲ ಚಕ್ಕಡಿ ಹೋತು, ಆಯ ಹೋತು, ಒಡ್ಡಿನ ಜಾಲಿ ಇಟ್ಟಂಗಿ ಭಟ್ಟಿಗೆ ಹೋತು. ಅದರ ಜಾಗಕ್ಕ ಬಂದದ್ದು ಬಳ್ಳಾರಿ ಜಾಲಿ. ಇದು ನಮ್ಮ ಕರಿಜಾಲಿ ಅಲ್ಲ, 1870ರ ದಶಕದಲ್ಲಿ ಪರದೇಶದಿಂದ ಮದ್ರಾಸ್ ಪ್ರಾಂತಕ್ಕೆ ತಂದ ಗಿಡ. ಕಟ್ಟಿಗೆ ಗಟ್ಟಿಯೇ, ಆದರೆ ಸೊಟ್ಟ, ಗಿಡ್ಡ. ಇದ್ದಲಿಗೆ ಚಲೋ, ತೊಲಿಗೆ ಆಗೂದಿಲ್ಲ.

ಈಗ ನನ್ನ ಚೌಕಟ್ಟಿನ ಮಾತು. ಅದು ಸಾಗವಾನಿಯೇ ಇತ್ತು, ಮೋಸ ಹೆಸರಲ್ಲಿ ಇರಲಿಲ್ಲ. ಆದರೆ ಎಳೇ ಗಿಡದ್ದು, ಬಿಳಿ ಭಾಗವೇ ಹೆಚ್ಚು. ಸಾಗವಾನಿ ಬಾಳುವುದು ಒಳಗಿನ ಚೇಗಿನಿಂದ. ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಬಣ್ಣ ಬಳಿದಿದ್ದರಿಂದ ನನಗೆ ಕಾಣಲಿಲ್ಲ. ಅದಕ್ಕ ಕಟ್ಟಿಗಿ ಕೊಳ್ಳೂ ಮುಂದ ತುದಿ ನೋಡ್ರಿ: ನಡುವಿನ ಬಣ್ಣ ಎಷ್ಟು, ಸುತ್ತಲಿನ ಬಿಳಿ ಎಷ್ಟು? ಬಣ್ಣ ಬಳಿದದ್ದು ಬ್ಯಾಡ. ಹಸಿ ಇದ್ರ ತಡೀರಿ. ಚೇಗು ತುಂಬಿದ ಬಲಿತ ಬೇವು, ಬಿಳಿ ಸಾಗವಾನಿಗಿಂತ ಮೇಲು.

ನಮ್ಮ ಹೊಲದಾಗ ಅಪ್ಪ ಹಚ್ಚಿದ ಬೇವೊಂದು ನಿಂತೈತಿ. ವ್ಯಾಪಾರಿ ಎರಡು ಸಲ ಬಂದು ರೇಟು ಹೇಳಿ ಹೋಗ್ಯಾನ. ಹೊಸ ಮನಿಗೆ ಅದನ್ನ ಕಡಸೂನು ಅಂತ ನನಗೂ ಅನಿಸಿತ್ತು. ಮನಿಯಾಕಿ ಕೇಳಿದ್ಲು, “ಹಳೇ ತೊಲಿ ಗಟ್ಟಿ ಅದಾವಲ್ಲ, ಅವನ್ನ ಕೊಯ್ಸಿದ್ರ ಬಾಗ್ಲ ಆಗೂದಿಲ್ಲೇನು?” ಬಡಿಗೇರರು ಅಳತಿ ಹಿಡಿದು ನೋಡಿ ಹೂಂ ಅಂದ್ರು. ಮುತ್ಯಾನ ತೊಲಿನೇ ಈಗ ನಮ್ಮ ಬಾಗಿಲಾಗತಾವ.

ಗಿಡ ಉಳೀತು. ಈ ಮಳಿಗಾಲಕ್ಕ ಒಡ್ಡಿಗೆ ಹತ್ತು ಕರಿಜಾಲಿ, ಹತ್ತು ಬೇವು ಹಚ್ಚಾಂವ ಇದ್ದೀನಿ. ನನಗಲ್ಲ, ಮೊಮ್ಮಕ್ಕಳಿಗೆ. ನಿಮ್ಮ ಒಡ್ಡಿನ ಮ್ಯಾಲ ಏನೈತಿ, ಒಮ್ಮೆ ನೋಡಿ ಬರ್ರಿ.