ಎಮ್ಮಿ ಕಟ್ಟೋ ಗೂಟ, ತಿಪ್ಪಿ ಹಾಕೋ ಜಾಗ

ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ನಮ್ಮ ಸಂಘದ ಶೇರು, ಠೇವಣಿ, ಸಾಲ, ವಸೂಲಿಯ ಲೆಕ್ಕ ಬೇರೆ ಪುಟಗಳಲ್ಲಿ ಬಂದಿದೆ. ಇಲ್ಲಿ ಹೇಳುವುದು, ಸಾಲ ತೆಗೆದು ತಂದ ಎಮ್ಮಿಯನ್ನು ಎಲ್ಲಿ ಕಟ್ಟಬೇಕು, ಅದರ ಸಗಣಿ ಎಲ್ಲಿ ಹಾಕಬೇಕು ಎಂಬ ಮಾತು. "ಇದೇನ್ ದೊಡ್ಡ ವಿಷಯ?" ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇದೇ ವಿಷಯಕ್ಕೆ ಸರಕಾರ ನೂರೈವತ್ತು ವರ್ಷಗಳಿಂದ ಕಾಯ್ದೆ ಮಾಡುತ್ತ ಬಂದಿದೆ. ಇದೇ ವಿಷಯಕ್ಕೆ ಓಣಿಯಲ್ಲಿ ಇವತ್ತಿಗೂ ಜಗಳ ಆಗುತ್ತವೆ. ಆ ಕಾಯ್ದೆಗಳು ಯಾಕೆ ಬಂದವು, ಯಾವುದು ನಿಂತಿತು, ಯಾವುದು ಕಾಗದದಲ್ಲೇ ಉಳಿಯಿತು ಎಂಬುದನ್ನು ಸದಸ್ಯ ಬಾಂಧವರು ತಿಳಿದುಕೊಳ್ಳುವುದು ಒಳ್ಳೆಯದು.

ನವಲಗುಂದ, ಅಣ್ಣಿಗೇರಿ ಕಡೆಯ ಎರೆಸೀಮೆಯ ಹಳೆಯ ಮಾಳಿಗೆ ಮನಿಗಳನ್ನು ನೋಡಿದವರಿಗೆ ಗೊತ್ತು. ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಅಂಕಣ, ಗ್ವಾದಲಿ. ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲಿ. ಒಳಗೆ ಅಡಿಗಿಮನಿ, ದೇವರ ಜಗುಲಿ. ಎತ್ತು ಕಳುವಾಗಬಾರದು, ರಾತ್ರಿ ಮೇವು ಹಾಕಲು ಎದ್ದವರು ದೂರ ಹೋಗುವಂತಾಗಬಾರದು. ಹೀಗಾಗಿ ಮನುಷ್ಯರೂ ದನಗಳೂ ಒಂದೇ ಸೂರಿನ ಕೆಳಗೆ ಇದ್ದರು. ಸಗಣಿ ನಮಗೆ ಹೊಲಸಲ್ಲ. ದೀಪಾವಳಿಯಲ್ಲಿ ಸಗಣಿಯ ಹಟ್ಟೆವ್ವನನ್ನು ಮಾಡಿ ಪೂಜಿಸುವ ಜನ ನಾವು. ಎರೆಸೀಮೆಯಲ್ಲಿ ಬಾವಿ ನೀರು ಸವಳು, ಊರೆಲ್ಲ ಕೆರೆಯ ನೀರನ್ನೇ ಕುಡಿಯಬೇಕು. ಅದಕ್ಕೆಂದೇ ಕುಡಿಯುವ ಕೆರೆಗೆ ದನ ಇಳಿಸಬಾರದು ಎಂಬ ಕಟ್ಟು ಹಿರಿಯರಲ್ಲಿ ಇತ್ತು. ಅದನ್ನು ಬರೆದಿಟ್ಟವರಿಲ್ಲ, ಮುರಿದವರನ್ನು ಮಾತ್ರ ಊರೇ ಕೇಳುತ್ತಿತ್ತು.

ಬರೆದಿಟ್ಟ ಕಾಯ್ದೆಗಳಲ್ಲಿ ನಮ್ಮ ಹಳ್ಳಿಗಳಿಗೆ ಮೊದಲು ಪರಿಚಯವಾದದ್ದು ಕೊಂಡವಾಡದ್ದು. 1871ರ ಕಾಯ್ದೆಯಂತೆ ಬೆಳೆ ತಿಂದ ದನವನ್ನು ಹಿಡಿದವರು 24 ತಾಸಿನೊಳಗೆ ಕೊಂಡವಾಡಕ್ಕೆ ಹೊಡೆಯಬೇಕು. ಅದರ ದಂಡದ ಪಟ್ಟಿ ಓದಲು ಮಜವಾಗಿದೆ: ಆನೆಗೆ 2 ರೂಪಾಯಿ, ಎಮ್ಮೆಗೆ 8 ಆಣೆ, ಎತ್ತು ಆಕಳಿಗೆ 4 ಆಣೆ, ಕರು, ಕತ್ತೆ, ಹಂದಿಗೆ 2 ಆಣೆ, ಕುರಿ ಆಡಿಗೆ 1 ಆಣೆ. ಆನೆಯ ದಂಡ ತುಂಬುವ ಪ್ರಸಂಗ ನಮ್ಮ ಎರೆಹೊಲದವರಿಗೆ ಎಲ್ಲಿ ಬರಬೇಕು! ಆದರೆ ಈ ಕಾಯ್ದೆ ಜನರ ಬಾಯಲ್ಲಿ ನಿಂತಿತು. ಯಾಕೆಂದರೆ ದನ ಹೊಡೆಯಲು ಒಂದು ಜಾಗ, ಕಾಯಲು ಒಬ್ಬ ಮನುಷ್ಯ, ತುಂಬಲು ಗೊತ್ತಾದ ದಂಡ, ಮೂರೂ ಇದ್ದವು. 1966ರಲ್ಲಿ ನಮ್ಮ ರಾಜ್ಯದ್ದೇ ಕಾಯ್ದೆ ಬಂತು.

ಇದು ಬೆಳೆಯ ಮಾತಾಯಿತು. ಆರೋಗ್ಯದ ಮಾತು ಬಂದದ್ದು 1889ರ ಮುಂಬಯಿ ಗ್ರಾಮ ನೈರ್ಮಲ್ಯ ಕಾಯ್ದೆಯಿಂದ. ಆಗ ನಮ್ಮ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ಊರಿನ ಸ್ವಚ್ಛತೆ, ಕುಡಿಯುವ ನೀರಿನ ರಕ್ಷಣೆ ಅದರ ಉದ್ದೇಶ. ಅದು ಬಂದ ಕೆಲವೇ ವರ್ಷಗಳಲ್ಲಿ ಪ್ಲೇಗು ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬ್ಯಾನಿ 1898ರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹಾಹಾಕಾರ ಎಬ್ಬಿಸಿತು. ಅಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ಚುಚ್ಚಿದರು. ಹಳ್ಳಿಯವರು ಊರು ಬಿಟ್ಟು ಹೊಲದಾಗ ಜೋಪಡಿ ಹಾಕಿಕೊಂಡರು. ಹೊಲಸು, ದುರ್ನಾತ, ಕತ್ತಲೆ ಮನಿಯೇ ರೋಗದ ಮೂಲ ಎಂಬ ನಂಬಿಕೆ ಆಗಿನ ಅಧಿಕಾರಿಗಳಲ್ಲಿ ಬಲವಾಗಿತ್ತು. ನಿಜವಾದ ಅಪರಾಧಿ ಇಲಿಯ ಮೈಮೇಲಿನ ಚಿಗಟ ಎಂದು ಸೀಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕಂಡುಹಿಡಿದರೂ, ಎಲ್ಲರೂ ಒಪ್ಪಲು ಹಲವು ವರ್ಷ ಹಿಡಿಯಿತು. ಅಂದರೆ ಪ್ಲೇಗಿನ ಮಟ್ಟಿಗೆ ತಪ್ಪು ಸಗಣಿಯದಲ್ಲ.

ಹಾಗಂತ ತಿಪ್ಪಿ ನಿರಪರಾಧಿಯೂ ಅಲ್ಲ. ಹಸಿ ಸಗಣಿಯಲ್ಲಿ ನೊಣ ತತ್ತಿ ಇಡುತ್ತದೆ. ಬ್ಯಾಸಿಗಿಯಲ್ಲಿ ಹತ್ತು ದಿನದೊಳಗೆ ಹೊಸ ನೊಣ ಹಾರುತ್ತದೆ, ಹಾರಿ ಅನ್ನದ ಮ್ಯಾಲೆ ಕೂಡುತ್ತದೆ. ತಿಪ್ಪಿಯ ನೀರು ಇಂಗಿ ಹತ್ತಿರದ ಬಾವಿ ಸೇರುತ್ತದೆ. ಕಂದು ಹಾಕಿದ ದನದ ಮಾಸು ಬರಿಗೈಯಲ್ಲಿ ಎತ್ತಿದರೆ, ಹಸಿ ಹಾಲು ಕುಡಿದರೆ, ಅದೇ ರೋಗ ಮನುಷ್ಯರಿಗೂ ಬಂದು ತಿಂಗಳುಗಟ್ಟಲೆ ಜ್ವರ, ಕೀಲುನೋವು ಕಾಡುತ್ತದೆ. ಕಾಯಿಸಿದ ಹಾಲಿಗೆ ಈ ಭಯವಿಲ್ಲ. ಕಾಯ್ದೆಗೆ ಆಧಾರ ಇದೆ ಎಂಬುದಕ್ಕೆ ಇಷ್ಟು ಸಾಕು.

ಪಟ್ಟಣಗಳಿಗೆ 1901ರ ಮುಂಬಯಿ ಜಿಲ್ಲಾ ಮುನ್ಸಿಪಲ್ ಕಾಯ್ದೆ, ಹಳ್ಳಿಗಳಿಗೆ 1920 ಮತ್ತು 1933ರ ಗ್ರಾಮ ಪಂಚಾಯತಿ ಕಾಯ್ದೆಗಳು ಬಂದವು. ಕುಂದಗೋಳ ಮಾತ್ರ 1948ರವರೆಗೆ ಜಮಖಂಡಿ ಸಂಸ್ಥಾನದ ಆಡಳಿತದಲ್ಲಿತ್ತು. ಹತ್ತಿರದ ಊರುಗಳಿಗೇ ಎರಡು ಆಡಳಿತ! ಏಕೀಕರಣದ ನಂತರ 1964ರ ಪುರಸಭೆ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಆಯಿತು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಮಾತು ಇದೆ: ವಾಸದ ಮನೆಗಳಿಂದ ದೂರ, ಕಸ ಮತ್ತು ಗೊಬ್ಬರ ಹಾಕಲು ಜಾಗ ಗೊತ್ತುಮಾಡುವುದು ಗ್ರಾಮ ಪಂಚಾಯತಿಯ ಕರ್ತವ್ಯ. ಗಮನಿಸಿರಿ, "ತಿಪ್ಪಿ ತೆಗೀರಿ" ಎನ್ನುವುದಷ್ಟೇ ಅಲ್ಲ, ಜಾಗ ತೋರಿಸುವುದೂ ಪಂಚಾಯತಿಯ ಕೆಲಸವೇ.

ಇಲ್ಲಿಯೇ ಇರುವುದು ಗಂಟು. ಭೂಕಂದಾಯ ನಿಯಮದಂತೆ ನೂರು ದನಕ್ಕೆ 30 ಎಕರೆ ಗಾಯರಾಣ ಇರಬೇಕು. ಗಾಯರಾಣ ಕರಗುತ್ತ ಹೋದ ಊರುಗಳೇ ಹೆಚ್ಚು. ಹಿತ್ತಲು ಅಣ್ಣ ತಮ್ಮಂದಿರ ಪಾಲಾಯಿತು. ಮಣ್ಣಿನ ಮನಿ ಹೋಗಿ ಆರ್‌ಸಿಸಿ ಮನಿ ಬಂತು, ಅದರಲ್ಲಿ ದನದ ಅಂಕಣ ಇಲ್ಲ. ಹೊಲ ಇದ್ದವರು ಹೊಲದಾಗ ಕೊಟ್ಟಿಗೆ ಕಟ್ಟಿಕೊಂಡರು. ಹೊಲ ಇಲ್ಲದ ಹೆಣ್ಣುಮಗಳು ಎರಡು ಲೀಟರ್ ಹಾಲು ಮಾರಿ ಮಕ್ಕಳ ಫೀ ತುಂಬುವವಳು. ಅವಳ ಎಮ್ಮಿಯ ಗೂಟ ರಸ್ತೆಯ ಅಂಚಿನಲ್ಲಿ. ತಕರಾರು ಬಂದರೆ ಮೊದಲು ಕೀಳುವುದು ಅವಳ ಗೂಟವನ್ನೇ. "ಎಲ್ಲಿ ಕಟ್ಟಲೋ ಯಪ್ಪಾ?" ಎಂದು ಅವಳು ಕೇಳಿದರೆ ಉತ್ತರ ಕೊಡುವವರು ಯಾರು? ಪಕ್ಕದ ಮನೆಯವರ ಸಿಟ್ಟೂ ಸುಳ್ಳಲ್ಲ. ಅವರ ಮನಿಯ ಕೂಸಿಗೆ ವಾಂತಿ ಭೇದಿ ಆದರೆ ದವಾಖಾನೆ ಖರ್ಚು ಅವರದ್ದೇ.

ಊರೆಲ್ಲ ಒಂದೇ ಮನಸ್ಸಿನಿಂದ ನಡೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ದೊಡ್ಡರೋಗ ಒಂದು ಕಾಲಕ್ಕೆ ದನದ ಅಂಕಣಗಳನ್ನೇ ಬರಿದು ಮಾಡುತ್ತಿತ್ತು. ಊರೂರಿಗೆ ಲಸಿಕೆ ಹಾಕಿ, 2011ರಲ್ಲಿ ಜಗತ್ತಿನಿಂದಲೇ ಅದು ಹೋಯಿತೆಂದು ಸಾರಿದರು. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಗೂ ಬಂದಾಗ ದನದ ಸಂತೆ, ಜಾತ್ರೆ ನಿಲ್ಲಿಸಬೇಕಾಯಿತು. 2009ರ ಕೇಂದ್ರ ಕಾಯ್ದೆಯಂತೆ ಸಾಂಕ್ರಾಮಿಕ ರೋಗದ ಗುಮಾನಿ ಬಂದರೆ ದನದ ಮಾಲಕರು ಪಂಚಾಯತಿಗಾಗಲಿ ಗ್ರಾಮಾಧಿಕಾರಿಗಾಗಲಿ ತಿಳಿಸಬೇಕು, ದನವನ್ನು ಬೇರೆ ಕಟ್ಟಬೇಕು, ಸತ್ತರೆ ಆಳವಾಗಿ ಹುಗಿಯಬೇಕು. ಮುಚ್ಚಿಟ್ಟರೆ ಓಣಿಗೆಲ್ಲ ಹಾನಿ.

ಸಹಕಾರಿ ಸಂಘಗಳಿಗೆ ಈ ಕೆಲಸ ಹೊರಗಿನದಲ್ಲ. ಆಗಿನ ನಮ್ಮ ಜಿಲ್ಲೆಯದೇ ಆದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು, ಒಬ್ಬೊಬ್ಬರಿಂದ ಆಗದ್ದು ಕೂಡಿದರೆ ಆದೀತು ಎಂಬ ನಂಬಿಕೆಯಿಂದ. ಎಮ್ಮಿಗೆ ಸಾಲ ಕೊಡುವಾಗ ಕಟ್ಟುವ ಜಾಗವನ್ನೂ ವಿಚಾರಿಸೋಣ. ಕೊಟ್ಟಿಗೆಗೂ, ಗೊಬ್ಬರದ ಗುಂಡಿಗೂ ಸ್ವಲ್ಪ ಸಾಲ ಸೇರಿಸೋಣ. ಊರ ಹೊರಗೆ ಸಾಮೂಹಿಕ ತಿಪ್ಪಿಗುಂಡಿಗೆ ಜಾಗ ಬೇಕೆಂದು ಗ್ರಾಮಸಭೆಯಲ್ಲಿ ಎಲ್ಲ ಸದಸ್ಯರೂ ಕೂಡಿ ಕೇಳೋಣ. ಜಾಗ ಸಿಕ್ಕ ಮೇಲೆ ವಾರಕ್ಕೊಮ್ಮೆ ಸಗಣಿ ಹೊರಗೆ ಸಾಗಿಸುವುದು ಮಾತ್ರ ನಮ್ಮ ನಮ್ಮ ಜವಾಬ್ದಾರಿ. ಅದಕ್ಕೆ ಯಾವ ಸಾಹೇಬರೂ ಬರಬೇಕಿಲ್ಲ. ಗುಂಡಿಯಲ್ಲಿ ಕೊಳೆತ ಗೊಬ್ಬರ ಹೇಗೂ ನಮ್ಮ ಹೊಲಕ್ಕೇ ಹೋಗುವುದು.