ಅತಿವೋಲ್ಟೇಜ್‌ನಿಂದ ಗೃಹೋಪಕರಣಗಳ ಹಾನಿ

ಮನೆಗೆ ಸರಬರಾಜಾಗುವ ವಿದ್ಯುತ್ತಿನ ವೋಲ್ಟೇಜ್, ಉಪಕರಣಗಳು ತಾಳಬಲ್ಲ ಮಿತಿಯನ್ನು ಮೀರುವ ಸ್ಥಿತಿಯನ್ನು ಅತಿವೋಲ್ಟೇಜ್ ಎನ್ನುತ್ತಾರೆ. ಭಾರತದಲ್ಲಿ ಗೃಹಬಳಕೆಯ ಏಕಫೇಸ್ ವಿದ್ಯುತ್ತಿನ ನಿಗದಿತ ಮಟ್ಟ 230 ವೋಲ್ಟ್. ಎರಡು ಫೇಸ್ ತಂತಿಗಳ ನಡುವೆ ಇರುವುದು 400 ವೋಲ್ಟ್. ಆಡುಮಾತಿನಲ್ಲಿ "ಹೈ ವೋಲ್ಟೇಜ್ ಬಂತು" ಎನ್ನುವಾಗ ಎರಡು ಭಿನ್ನ ವಿದ್ಯಮಾನಗಳು ಒಂದಾಗಿಬಿಡುತ್ತವೆ. ಮೊದಲನೆಯದು ಮೈಕ್ರೊಸೆಕೆಂಡುಗಳಲ್ಲಿ ಮುಗಿಯುವ ಕ್ಷಣಿಕ ಉಬ್ಬರ, ಎರಡನೆಯದು ನಿಮಿಷಗಟ್ಟಲೆ ಅಥವಾ ಗಂಟೆಗಟ್ಟಲೆ ಮುಂದುವರಿಯುವ ಅತಿವೋಲ್ಟೇಜ್. ಒಂದಕ್ಕೆ ಇರುವ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲ.

ಕಾರಣಗಳು

ಕ್ಷಣಿಕ ಉಬ್ಬರಕ್ಕೆ ಪ್ರಮುಖ ಕಾರಣ ಸಿಡಿಲು. ಅದು ಮನೆಗೇ ಬಡಿಯಬೇಕೆಂದಿಲ್ಲ; ಸಮೀಪದಲ್ಲಿ ಬಿದ್ದರೂ ವಿದ್ಯುತ್ ಹಾಗೂ ಕೇಬಲ್ ತಂತಿಗಳಲ್ಲಿ ವೋಲ್ಟೇಜ್ ಪ್ರೇರಿತವಾಗುತ್ತದೆ. ಕರ್ನಾಟಕದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಮುಂಗಾರುಪೂರ್ವ ಗುಡುಗುಮಳೆಯಲ್ಲಿ ಇದರ ಸಂಭವ ಹೆಚ್ಚು.

ದೀರ್ಘಕಾಲದ ಅತಿವೋಲ್ಟೇಜ್ ಬಹುತೇಕ ನ್ಯೂಟ್ರಲ್ ತಂತಿ ಕಡಿದುಹೋಗುವುದರಿಂದ ಉಂಟಾಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಮೂರು ಫೇಸ್ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ, ಮನೆಗಳನ್ನು ಮೂರು ಫೇಸ್‌ಗಳಿಗೆ ಹಂಚಲಾಗಿರುತ್ತದೆ. ತೆಂಗಿನ ಗರಿ ಬಿದ್ದೋ, ಅಲ್ಯೂಮಿನಿಯಂ ಜೋಡಣೆ ಸಡಿಲಗೊಂಡೋ ನ್ಯೂಟ್ರಲ್ ಕಡಿದರೆ, ಬೇರೆ ಬೇರೆ ಫೇಸ್‌ಗಳ ಮನೆಗಳು ಸರಣಿಯಲ್ಲಿ ಜೋಡಿಸಿದಂತಾಗಿ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ.

ಈ ಹಂಚಿಕೆ ಸಮನಾಗಿರುವುದಿಲ್ಲ. ಎರಡೇ ಮನೆಗಳಿವೆ ಎಂದು ಭಾವಿಸೋಣ: ಒಂದರಲ್ಲಿ 2000 ವ್ಯಾಟ್‌ನ ಗೀಸರ್, ಇನ್ನೊಂದರಲ್ಲಿ ಒಟ್ಟು 200 ವ್ಯಾಟ್‌ನ ದೀಪಗಳು. ಗೀಸರ್‌ನ ರೋಧ ಸುಮಾರು 26 ಓಮ್, ದೀಪಗಳದ್ದು ಸುಮಾರು 265 ಓಮ್. ಆದ್ದರಿಂದ ಗೀಸರ್ ಇರುವ ಮನೆಗೆ 36 ವೋಲ್ಟ್ ಮಾತ್ರ ಸಿಕ್ಕರೆ, ಇನ್ನೊಂದಕ್ಕೆ 364 ವೋಲ್ಟ್ ಬರುತ್ತದೆ. ಕಡಿಮೆ ವಿದ್ಯುತ್ ಬಳಸುತ್ತಿರುವ ಮನೆಗೇ ಹೆಚ್ಚಿನ ಪೆಟ್ಟು. ಒಂದೇ ಬೀದಿಯಲ್ಲಿ ಕೆಲವು ಮನೆಗಳ ದೀಪ ಮಂಕಾಗಿ, ಕೆಲವು ಮನೆಗಳ ದೀಪ ಅತಿ ಪ್ರಖರವಾಗಿ ಉರಿಯುವುದು ಇದರ ಸ್ಪಷ್ಟ ಲಕ್ಷಣ.

ಹಾನಿಯ ಸ್ವರೂಪ

ಟಿ.ವಿ., ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪಗಳು ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸಿ ಕೆಪಾಸಿಟರ್‌ನಲ್ಲಿ ಸಂಗ್ರಹಿಸುತ್ತವೆ. 230 ವೋಲ್ಟ್‌ನಲ್ಲಿ ಅದರ ಶಿಖರ ಮೌಲ್ಯ 325 ವೋಲ್ಟ್. 400ರಲ್ಲಿ ಅದು 566ಕ್ಕೆ ಏರುತ್ತದೆ. ಸಾಮಾನ್ಯವಾಗಿ 400 ಅಥವಾ 450 ವೋಲ್ಟ್‌ಗೆ ತಯಾರಾದ ಕೆಪಾಸಿಟರ್ ಉಬ್ಬಿ ಸಿಡಿಯುತ್ತದೆ. ಕಾಯಿಸುವ ಉಪಕರಣಗಳಲ್ಲಿ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 400 ವೋಲ್ಟ್‌ನಲ್ಲಿ ಮೂರು ಪಟ್ಟು ಶಾಖ ಹೊಮ್ಮುತ್ತದೆ.

ರಕ್ಷಣಾ ಸಾಧನಗಳು

ಎಂಸಿಬಿ ಇದ್ದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದ್ದರೂ ಸರಿಯಲ್ಲ. ಅದು ವಿದ್ಯುತ್ ಪ್ರವಾಹ ಮಿತಿಮೀರಿದಾಗ ಮಾತ್ರ ಕಡಿತಗೊಳ್ಳುತ್ತದೆ, ವೋಲ್ಟೇಜನ್ನು ಅಳೆಯುವುದಿಲ್ಲ. ಸೋರಿಕೆಯನ್ನು ಗುರುತಿಸುವ ಆರ್‌ಸಿಸಿಬಿಯದೂ ಇದೇ ಮಿತಿ. ಸರ್ಜ್ ಪ್ರೊಟೆಕ್ಟರ್‌ನಲ್ಲಿರುವ ಸತು ಆಕ್ಸೈಡಿನ ವ್ಯಾರಿಸ್ಟರ್ ಸಿಡಿಲಿನ ಕ್ಷಣಿಕ ಉಬ್ಬರವನ್ನು ಭೂಮಿಗೆ ಹರಿಸಬಲ್ಲದು, ಅದೂ ಭೂಸಂಪರ್ಕ ಚೆನ್ನಾಗಿದ್ದರೆ. ನ್ಯೂಟ್ರಲ್ ಕಡಿದಾಗ ಅದೇ ವ್ಯಾರಿಸ್ಟರ್ ಕಾದು ಸುಟ್ಟುಹೋಗಬಹುದು. ಅಂತಹ ಸಂದರ್ಭಕ್ಕೆ ಬೇಕಾದುದು ನಿಗದಿತ ಮಿತಿ ದಾಟಿದೊಡನೆ ಸಂಪರ್ಕ ತಪ್ಪಿಸುವ ಅತಿವೋಲ್ಟೇಜ್ ರಿಲೇ.

ಹಾನಿಯ ನಂತರದ ಕ್ರಮ

ಮೊದಲ ಕ್ರಮ ಮುಖ್ಯ ಸ್ವಿಚ್ಚನ್ನು ಆರಿಸುವುದು. ಉರಿಯುತ್ತಿರುವ ಉಪಕರಣದ ಮೇಲೆ ನೀರು ಸುರಿಯಬಾರದು. ಪ್ಲಗ್ ತೆಗೆದ ಬಳಿಕವೂ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಆವೇಶ ಉಳಿದಿರುವುದರಿಂದ ಉಪಕರಣಗಳನ್ನು ಬಿಚ್ಚುವುದು ಸುರಕ್ಷಿತವಲ್ಲ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಳಬರುವ ವೋಲ್ಟೇಜನ್ನು ಅಳೆದು, ಮೆಗ್ಗರ್‌ನಿಂದ ತಂತಿಗಳ ನಿರೋಧಕತೆಯನ್ನು ಪರೀಕ್ಷಿಸಿದ ನಂತರವಷ್ಟೇ ಉಪಕರಣಗಳನ್ನು ಒಂದೊಂದಾಗಿ ಜೋಡಿಸಬೇಕು. ಕಾರ್ಯನಿರ್ವಹಿಸುತ್ತಿರುವಂತೆ ಕಂಡ ಗೀಸರ್ ಅಥವಾ ಮೋಟಾರ್‌ನಲ್ಲಿಯೂ ನಿರೋಧಕ ಹೊದಿಕೆ ದುರ್ಬಲಗೊಂಡು ಮುಂದೆ ಶಾಕ್ ಹೊಡೆಯುವ ಸಾಧ್ಯತೆಯಿದೆ.

ಪರಿಹಾರ

ವಿದ್ಯುತ್ ದೂರುಗಳ ಸಹಾಯವಾಣಿ 1912. ದೂರಿನ ಸಂಖ್ಯೆ, ಘಟನೆಯ ಸಮಯ, ಛಾಯಾಚಿತ್ರಗಳು, ಖರೀದಿ ರಸೀದಿ ಮತ್ತು ದುರಸ್ತಿ ಕೇಂದ್ರದ ಲಿಖಿತ ವರದಿ ಮುಖ್ಯ ಸಾಕ್ಷ್ಯಗಳು. ಸುಟ್ಟ ಭಾಗಗಳನ್ನು ಪರಿಶೀಲನೆಗೆ ಮುನ್ನವೇ ಗುಜರಿಗೆ ಹಾಕಿದರೆ ಕಾರಣವನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ. ನೆರೆಮನೆಗಳಲ್ಲಿಯೂ ಅದೇ ವೇಳೆ ಹಾನಿಯಾಗಿದ್ದರೆ ಜಂಟಿ ದೂರಿಗೆ ಬಲ ಹೆಚ್ಚು. ತಯಾರಕರ ವಾರಂಟಿ ಸಾಮಾನ್ಯವಾಗಿ ವೋಲ್ಟೇಜ್ ಏರುಪೇರಿನ ಹಾನಿಯನ್ನು ಒಳಗೊಳ್ಳುವುದಿಲ್ಲ. ಬೆಂಕಿ ವಿಮೆಯಲ್ಲೂ ಸಾಮಾನ್ಯವಾಗಿ ಸುಟ್ಟ ಉಪಕರಣವನ್ನು ಹೊರತುಪಡಿಸಿ, ಅದರಿಂದ ಹರಡಿದ ಬೆಂಕಿಯ ನಷ್ಟಕ್ಕಷ್ಟೇ ಪರಿಹಾರವಿರುತ್ತದೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಪ್ರಕರಣದಂತೆ ಪ್ರತಿ ವಿತರಣಾ ಸಂಸ್ಥೆಯೂ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಯನ್ನು ಹೊಂದಿರಬೇಕು; ಅದರ ನಿರ್ಣಯ ತೃಪ್ತಿಕರವಾಗದಿದ್ದಲ್ಲಿ ಒಂಬುಡ್ಸ್‌ಮನ್‌ಗೆ ಮನವಿ ಸಲ್ಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮುಂದೆ ದೂರು ನೀಡಲು 2 ವರ್ಷಗಳ ಕಾಲಮಿತಿಯಿದೆ.